ಆರು ತಿಂಗಳಲ್ಲಿ ಮುಗಿದ ಸಾವಿರ ವರ್ಷ

ದೇವತೆಗಳ ಒಂದು ದಿನವೆಂದರೆ ಮನುಷ್ಯರ ಒಂದು ವರ್ಷ ಎಂದು ನಮ್ಮ ಪುರಾಣಗಳು ಹೇಳುತ್ತವೆ. ಇದಕ್ಕಿಂತ ಧಾರಾಳವಾದ ಕಾಲಗಣನೆಯೊಂದನ್ನು ಆಫ್ರಿಕದ ನೆಲದಲ್ಲಿ ಕಂಡುಹಿಡಿದ ಕೀರ್ತಿ ರೊಡೇಷಿಯನ್ ಫ್ರಂಟ್ ಎಂಬ ಪಕ್ಷಕ್ಕೆ ಸಲ್ಲಬೇಕು. ಅದರ ನಾಯಕ, ಪ್ರಧಾನಿ ಇಯಾನ್ ಸ್ಮಿತ್ 1976ರ ಮಾರ್ಚ್ 20ರಂದು, ಬಿಳಿಯರ ಸರ್ಕಾರ ಆಳುತ್ತಿದ್ದ ರೊಡೇಷಿಯದಲ್ಲಿ (ಇಂದಿನ ಜಿಂಬಾಬ್ವೆ) ಕಪ್ಪುಜನರ ಬಹುಮತದ ಆಳ್ವಿಕೆಯನ್ನು ತಾವು ಒಪ್ಪುವುದಿಲ್ಲ, ಸಾವಿರ ವರ್ಷವಾದರೂ ಒಪ್ಪುವುದಿಲ್ಲ ಎಂದರು. ಅದೇ ಸೆಪ್ಟೆಂಬರ್ 24ರಂದು ಎರಡೇ ವರ್ಷದೊಳಗೆ ಆ ಆಳ್ವಿಕೆ ಬರಬಹುದೆಂದು ಒಪ್ಪಿಕೊಂಡರು. ನಡುವೆ ಕಳೆದದ್ದು 188 ದಿನ. ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಹೆನ್ರಿ ಕಿಸ್ಸಿಂಜರ್ ಬಂದು ಪಂಚಾಂಗದ ಹಾಳೆಗಳನ್ನು ಭರಭರನೆ ತಿರುವಿಹಾಕಿದರೆಂಬುದು ನಿಜವಾದರೂ, ದಿನಕ್ಕೆ ಐದು ವರ್ಷಕ್ಕೂ ಮೀರಿದ ಈ ವೇಗವನ್ನು ಮೆಚ್ಚದಿರಲು ಸಾಧ್ಯವಿಲ್ಲ.

ಲೆಕ್ಕದಲ್ಲಿ ಈ ಪಕ್ಷ ಹುಟ್ಟಿನಿಂದಲೇ ಜಾಣತನ ತೋರಿತ್ತು. 1962ರಲ್ಲಿ ಹುಟ್ಟಿ, ಅದೇ ಡಿಸೆಂಬರಿನ ಚುನಾವಣೆಯಲ್ಲಿ 65 ಸ್ಥಾನಗಳ ಪೈಕಿ 35ನ್ನು ಗೆದ್ದು ಅಧಿಕಾರ ಹಿಡಿದ ಅದಕ್ಕೆ, ದೇಶದಲ್ಲಿ ಎಷ್ಟು ಜನರಿದ್ದಾರೆ ಎಂಬುದಕ್ಕಿಂತ ಅವರಲ್ಲಿ ಎಷ್ಟು ಮಂದಿಯನ್ನು ಎಣಿಸಬೇಕು ಎಂಬ ಪ್ರಶ್ನೆಯೇ ಮುಖ್ಯವಾಗಿತ್ತು. ಮತದಾರರನ್ನು ಆದಾಯ, ಆಸ್ತಿ, ಓದು ಇವುಗಳ ಜರಡಿಯಲ್ಲಿ ಸೋಸಲಾಗುತ್ತಿತ್ತು. ಜರಡಿ ಹಿಡಿದವರ ಬಾಯಲ್ಲಿ ಅದರ ಹೆಸರು ‘ನಾಗರಿಕ ಮಟ್ಟ’. ಪಕ್ಷದ ಮೊದಲ ಪ್ರಧಾನಿ ವಿನ್‌ಸ್ಟನ್ ಫೀಲ್ಡ್ ಬ್ರಿಟನ್ನಿನಿಂದ ಸ್ವಾತಂತ್ರ್ಯ ತರುವುದರಲ್ಲಿ ಸಾಕಷ್ಟು ಚುರುಕಿಲ್ಲವೆಂದು ಪಕ್ಷವೇ 1964ರ ಏಪ್ರಿಲಿನಲ್ಲಿ ಅವರನ್ನು ಇಳಿಸಿ ಸ್ಮಿತ್ ಅವರನ್ನು ಕೂರಿಸಿತು. ಅದೇ ವರ್ಷ ಸ್ವಾತಂತ್ರ್ಯದ ಬಗ್ಗೆ ಆಫ್ರಿಕನ್ನರ ಅಭಿಪ್ರಾಯವೇನೆಂದು ಲಂಡನ್ ಕೇಳಿದಾಗ, ಸರ್ಕಾರ ತನ್ನದೇ ಸಂಬಳ ಪಡೆಯುತ್ತಿದ್ದ ಪಂಗಡದ ಮುಖ್ಯಸ್ಥರನ್ನೂ ಊರ ಹಿರಿಯರನ್ನೂ, ಒಟ್ಟು 622 ಮಂದಿಯನ್ನು, ಡೊಂಬೊಶಾವ ಎಂಬಲ್ಲಿ ಸೇರಿಸಿತು. ಅವರು ಒಕ್ಕೊರಲಿನಿಂದ ಹೂಂ ಎಂದರು. ನಲವತ್ತು ಲಕ್ಷ ಜನರ ಅಭಿಪ್ರಾಯ ಇಷ್ಟು ಅಗ್ಗವಾಗಿ ಸಿಕ್ಕಿದ್ದನ್ನು ಕಂಡು ಬ್ರಿಟನ್ನಿನವರಿಗೇ ನಂಬಿಕೆ ಬರಲಿಲ್ಲ.

1965ರ ನವೆಂಬರ್ 11ರಂದು ರಾಜಧಾನಿ ಸಾಲಿಸ್‌ಬರಿಯಲ್ಲಿ (ಇಂದಿನ ಹರಾರೆ) ನಡೆದದ್ದನ್ನು ಸ್ವಲ್ಪ ಹತ್ತಿರದಿಂದಲೇ ನೋಡಬೇಕು. ಗೋಡೆಯ ಮೇಲೆ ರಾಣಿ ಎಲಿಜಬೆತ್ತರ ಚಿತ್ರ. ಅದರ ಕೆಳಗೆ ಮೇಜು. ಮೇಜಿನ ಮೇಲೆ ಅಲಂಕಾರದ ಅಕ್ಷರಗಳಲ್ಲಿ ಬರೆದ ಸ್ವಾತಂತ್ರ್ಯ ಘೋಷಣೆ. ಸುತ್ತ ಅದಕ್ಕೆ ರುಜು ಹಾಕಲು ನೆರೆದ ಮಂತ್ರಿಮಂಡಲ. ಅಮೆರಿಕದವರ 1776ರ ಘೋಷಣೆಯನ್ನು ಎದುರಿಗಿಟ್ಟುಕೊಂಡೇ ಇದನ್ನು ಬರೆದಿದ್ದರೂ, ಎಲ್ಲ ಮನುಷ್ಯರೂ ಸಮಾನರು ಎಂಬ ಸಾಲು ಮಾತ್ರ ನಕಲು ಮಾಡುವಾಗ ಹೇಗೋ ಬಿಟ್ಟುಹೋಯಿತು. ಕೊನೆಯಲ್ಲಿ ‘ದೇವರು ರಾಣಿಯನ್ನು ಕಾಪಾಡಲಿ’ ಎಂದು ಬರೆಯಲು ಮರೆಯಲಿಲ್ಲ. ಜಗಳವಾಡಿ ಪಾಲು ಬಿಡಿಸಿಕೊಂಡು ಹೊರಟ ಮಗ, ವಿಭಾಗಪತ್ರದ ಕೊನೆಗೆ ಅಮ್ಮ ನೂರು ಕಾಲ ಬಾಳಲಿ ಎಂದು ಬರೆದು ರುಜು ಹಾಕಿದ ಹಾಗಿತ್ತು ಅದು. ರಾಣಿಯ ಪ್ರತಿನಿಧಿಯಾದ ಗವರ್ನರ್ ಹಂಫ್ರಿ ಗಿಬ್ಸ್ ಅವರು ಈ ಸರ್ಕಾರವನ್ನು ವಜಾ ಮಾಡಿರುವುದಾಗಿ ಸಾರಿ ತಮ್ಮ ನಿವಾಸದಿಂದ ಕದಲದೆ ಕುಳಿತಾಗ, ರಾಣಿಯ ಈ ನಿಷ್ಠಾವಂತ ಪ್ರಜೆಗಳು ಅವರ ಟೆಲಿಫೋನಿನ ತಂತಿ ಕಡಿದು, ಕಾರನ್ನು ಕಿತ್ತುಕೊಂಡು, ಅವರ ಬದಲಿಗೆ ಕ್ಲಿಫರ್ಡ್ ಡ್ಯುಪಾಂಟ್ ಎಂಬವರನ್ನು ನೇಮಿಸಿಕೊಂಡರು. ಗಿಬ್ಸ್ 1969ರವರೆಗೂ ಅಲ್ಲೇ ಇದ್ದರು. ಜಗತ್ತಿನ ಒಂದು ದೇಶವೂ, ಪಕ್ಕದ ದಕ್ಷಿಣ ಆಫ್ರಿಕವೂ ಸಹ, ಈ ಸ್ವಾತಂತ್ರ್ಯಕ್ಕೆ ಅಧಿಕೃತ ಮಾನ್ಯತೆ ಕೊಡಲಿಲ್ಲ.

ಪತ್ರಿಕೆಗಳಿಗೆ ಕತ್ತರಿ ಬಿತ್ತು. ಕತ್ತರಿಸಿದ ಸುದ್ದಿಯ ಜಾಗವನ್ನು ಸಂಪಾದಕರು ಖಾಲಿಯಾಗಿಯೇ ಅಚ್ಚು ಹಾಕಿದಾಗ, ಖಾಲಿ ಜಾಗ ಬಿಡುವುದನ್ನೂ ನಿಷೇಧಿಸಲಾಯಿತು. ಬಿಳಿಯ ಬಣ್ಣದ ಮೇಲೆ ಅಷ್ಟೊಂದು ಅಭಿಮಾನವಿದ್ದ ಸರ್ಕಾರ ಬಿಳಿ ಹಾಳೆಗೆ ಹೆದರಿದ್ದು ಅದೊಂದೇ ಸಲವಿರಬೇಕು.

ಪಕ್ಷದ ಗಣಿತಪ್ರತಿಭೆ ಪೂರ್ಣವಾಗಿ ಅರಳಿದ್ದು 1969ರಲ್ಲಿ. ಆ ವರ್ಷದ ಜನಗಣತಿಯ ಪ್ರಕಾರ ದೇಶದಲ್ಲಿದ್ದ ಬಿಳಿಯರು ಸುಮಾರು 2.3 ಲಕ್ಷ, ಆಫ್ರಿಕನ್ನರು ಸುಮಾರು 48 ಲಕ್ಷ. ಹೊಸ ಭೂ ಕಾಯ್ದೆಯು ಪರಮ ನಿಷ್ಪಕ್ಷಪಾತದಿಂದ ಇಬ್ಬರಿಗೂ ಸಮಪಾಲು ಹಂಚಿತು: ಇವರಿಗೆ ಸುಮಾರು 4.5 ಕೋಟಿ ಎಕರೆ, ಅವರಿಗೂ ಸುಮಾರು 4.5 ಕೋಟಿ ಎಕರೆ. ತಲೆಗೆ ಭಾಗಿಸಿ ನೋಡಿದರೆ ಬಿಳಿಯನಿಗೆ 190 ಎಕರೆಗೂ ಮಿಗಿಲು, ಆಫ್ರಿಕನ್ನನಿಗೆ 9 ಎಕರೆ ಚಿಲ್ಲರೆ ಬರುತ್ತಿತ್ತು ಎಂದು ತಗಾದೆ ತೆಗೆಯುವವರು, ಆ ಬಿಳಿಯರಲ್ಲಿ ಬಹುಪಾಲು ಮಂದಿ ಪೇಟೆಯಲ್ಲಿ ಕಚೇರಿ, ಅಂಗಡಿ ನಡೆಸಿಕೊಂಡಿದ್ದು ನೇಗಿಲನ್ನೇ ಮುಟ್ಟಿರಲಿಲ್ಲ ಎಂಬುದನ್ನೂ ಗಮನಿಸಬೇಕು. ಸಂಸತ್ತಿನ ಹಂಚಿಕೆ ಇನ್ನೂ ಸೊಗಸಾಗಿತ್ತು. ಯುರೋಪಿಯನ್ನರ ಪಟ್ಟಿಗೆ 50 ಸ್ಥಾನ, ಆಫ್ರಿಕನ್ನರಿಗೆ 16. ಆ 16ರಲ್ಲೂ 8ನ್ನು ತುಂಬುವವರು ಅದೇ ಮುಖ್ಯಸ್ಥರ ಕೂಟದವರು. ಆಫ್ರಿಕನ್ನರು ಕಟ್ಟುವ ಆದಾಯ ತೆರಿಗೆಯ ಪಾಲು ಏರಿದಂತೆ ಅವರ ಸ್ಥಾನಗಳೂ ಏರುತ್ತವೆ ಎಂಬ ಭರವಸೆಯೂ ಇತ್ತು. ಆದರೆ ಎಷ್ಟೇ ಏರಿದರೂ 50ರ ಗಡಿ ದಾಟುವಂತಿರಲಿಲ್ಲ. ಆಗ ಅವರ ಪಾಲು ಶೇಕಡಾ ಒಂದನ್ನೂ ಮುಟ್ಟಿರಲಿಲ್ಲ. ಮುಟ್ಟುವಷ್ಟು ಕೂಲಿಯನ್ನು ಕೊಡದಿದ್ದವರೇ ಈ ಸೂತ್ರವನ್ನು ಬರೆದವರು. ತೆರಿಗೆ ಕಟ್ಟಿಸಿಕೊಂಡು ಪ್ರಾತಿನಿಧ್ಯ ಕೊಡದ ದೊರೆಗಳನ್ನು ಚರಿತ್ರೆ ಕಂಡಿತ್ತು. ಸಂಸತ್ತಿನ ಬಾಗಿಲಲ್ಲಿ ತೆರಿಗೆಯ ರಸೀದಿ ಕೇಳುವ ದ್ವಾರಪಾಲಕರು ಹೊಸಬರು.

ಗಣರಾಜ್ಯವೆಂದಾದ ಮೇಲೆ ರಾಣಿಯ ಗೀತೆ ಹಾಡುವಂತಿರಲಿಲ್ಲ. 1974ರಲ್ಲಿ ಆರಿಸಿಕೊಂಡ ರಾಗ ಬೀಥೋವನ್ನನ ಒಂಬತ್ತನೆಯ ಸಿಂಫನಿಯದು. ಮನುಷ್ಯರೆಲ್ಲ ಸಹೋದರರಾಗುತ್ತಾರೆ ಎಂಬ ಜರ್ಮನ್ ಮಾತುಗಳನ್ನು ಆ ರಾಗದಿಂದ ಬಿಚ್ಚಿ ತೆಗೆದು, ತಮಗೆ ಹೊಂದುವ ಮಾತುಗಳನ್ನು ಸ್ಪರ್ಧೆಯಿಟ್ಟು ಬರೆಸಿಕೊಂಡರು. ಬಾವುಟದ ಮೇಲಿನ ಹಕ್ಕಿ ಗ್ರೇಟ್ ಜಿಂಬಾಬ್ವೆಯ ಪಾಳುಕೋಟೆಯಲ್ಲಿ ದೊರೆತ ಕಲ್ಲಿನ ಹಕ್ಕಿ. ಆ ಕೋಟೆಯನ್ನು ಕಟ್ಟಿದವರು ಆಫ್ರಿಕನ್ನರೇ ಎಂದು ಹೇಳುತ್ತಿದ್ದ ಪುರಾತತ್ತ್ವಜ್ಞ ಪೀಟರ್ ಗಾರ್ಲೇಕ್ ಸರ್ಕಾರದ ಒತ್ತಡ ತಾಳದೆ 1970ರಲ್ಲಿ ದೇಶ ಬಿಟ್ಟರು. ಹಕ್ಕಿ ಬೇಕು, ಅದನ್ನು ಕಡೆದ ಕೈ ಬೇಡ.

ಇದೆಲ್ಲದರ ನಡುವೆ ಈ ಸರ್ಕಾರಕ್ಕೂ ಆಫ್ರಿಕನ್ ಗೆರಿಲ್ಲಾಗಳಿಗೂ ಯುದ್ಧವೂ ನಡೆಯುತ್ತಿತ್ತು. ಅದರಲ್ಲಿ ಸತ್ತ 20,000ಕ್ಕೂ ಹೆಚ್ಚು ಜನರನ್ನು ಈ ತಮಾಷೆಯ ಲೆಕ್ಕಕ್ಕೆ ಸೇರಿಸುವ ಧೈರ್ಯ ನನಗಿಲ್ಲ. ಪಕ್ಷ ಮಾತ್ರ 1965, 1970, 1974, 1977ರ ಚುನಾವಣೆಗಳಲ್ಲಿ ಬಿಳಿಯರ ಪಾಲಿನ ಸ್ಥಾನಗಳನ್ನು 50ಕ್ಕೆ 50 ಗೆಲ್ಲುತ್ತಲೇ ಹೋಯಿತು. 1979ರಲ್ಲಿ ಬಿಳಿಯರ ಸ್ಥಾನಗಳು 28ಕ್ಕೆ ಇಳಿದಾಗ 28ನ್ನೂ ಗೆದ್ದಿತು. ಆ ಡಿಸೆಂಬರ್ 12ರಂದು ಬ್ರಿಟಿಷ್ ಗವರ್ನರ್ ಲಾರ್ಡ್ ಸೋಮ್ಸ್ ಸಾಲಿಸ್‌ಬರಿಯಲ್ಲಿ ಬಂದಿಳಿದು, 14 ವರ್ಷ 1 ತಿಂಗಳು 1 ದಿನದ ಸ್ವಾತಂತ್ರ್ಯದ ನಂತರ ದೇಶ ಮತ್ತೆ ರಾಣಿಯ ವಸಾಹತಾಯಿತು. ವಿಭಾಗಪತ್ರದ ಕೊನೆಯ ಸಾಲಿನ ಹಾರೈಕೆ ಫಲಿಸಿದಂತಾಯಿತು. 1980ರಲ್ಲಿ ಸ್ಥಾನಗಳು 20 ಆದಾಗ ಪಕ್ಷ 20ನ್ನೂ ಗೆದ್ದಿತು. ಇಷ್ಟು ಸತತವಾಗಿ ನೂರಕ್ಕೆ ನೂರು ಗಳಿಸುತ್ತಲೇ ಸೋತವರು ಇನ್ನೊಬ್ಬರಿಲ್ಲ.

1981ರಲ್ಲಿ ಅದು ರಿಪಬ್ಲಿಕನ್ ಫ್ರಂಟ್ ಎಂದು ಹೆಸರು ಬದಲಿಸಿಕೊಂಡಿತು. ಇಂಗ್ಲಿಷಿನ ಮೊದಲಕ್ಷರಗಳು ಹಾಗೆಯೇ ಉಳಿದದ್ದರಿಂದ ಹಳೆಯ ಮೊಹರು ದಂಡವಾಗಲಿಲ್ಲ. 1984ರಲ್ಲಿ ಆ ಉಳಿತಾಯವನ್ನೂ ಬಿಟ್ಟುಕೊಟ್ಟು ಕನ್ಸರ್ವೇಟಿವ್ ಅಲಯನ್ಸ್ ಆಫ್ ಜಿಂಬಾಬ್ವೆ ಎಂದಾಯಿತು. ಕಟ್ಟಿದವರು ಯಾರೆಂದು ಹೇಳಲು ಬಾಯಿ ಬಾರದಿದ್ದ ಕಲ್ಲುಕೋಟೆಯ ಹೆಸರನ್ನು ಕಡೆಗೆ ತನ್ನ ಬೋರ್ಡಿನ ಮೇಲೆ ತಾನೇ ಬರೆಸಿಕೊಂಡಿತು.