ನೆಲಮಹಡಿಯ ಗೋದಾಮು

ಆಫೀಸಿನ ಮೀಟಿಂಗ್ ಅರ್ಧಕ್ಕೆ ಬಂದಿತ್ತು. ಮುಂದಿನ ಸರದಿ ನನ್ನದು. ಅಷ್ಟರಲ್ಲಿ ಬೆಲ್. ಮೈಕ್ ಆಫ್ ಮಾಡಿ, ಹೆಡ್‌ಫೋನ್ ಕುತ್ತಿಗೆಗೆ ಇಳಿಸಿಕೊಂಡು ಬಾಗಿಲಿಗೆ ಓಡಿದೆ. ಕೊರಿಯರ್ ಹುಡುಗ ಕಂಕುಳಲ್ಲೊಂದು, ಕೈಯಲ್ಲೊಂದು, ಕಾಲ ಬುಡದಲ್ಲೊಂದು ಪಾರ್ಸೆಲ್ ಇಟ್ಟುಕೊಂಡು ನಿಂತಿದ್ದ. ಒಂದೂ ನನ್ನದಲ್ಲ. 'ನಾಖ್‌ಬಾರ್?' ಅಂದ. ಪಕ್ಕದವರದ್ದು, ಇಟ್ಟುಕೊಳ್ತೀರಾ ಅಂತ. ಕೇಳುವುದು ಬರೀ ಶಾಸ್ತ್ರಕ್ಕೆ. ಸಹಿಯ ಮೆಷಿನ್ನು ಆಗಲೇ ನನ್ನ ಮೂಗಿನ ಹತ್ತಿರ ಬಂದಿತ್ತು. ಬೆರಳಲ್ಲಿ ಏನೋ ಗೀಚಿ ಕಳಿಸಿದೆ. ವಾಪಸು ಬಂದು ಕೂರುವಷ್ಟರಲ್ಲಿ ನನ್ನ ಸರದಿ ಮುಗಿದು, ಒಂದು ಹೊಸ ಕೆಲಸ ನನ್ನ ಹೆಸರಿಗೆ ಬಿದ್ದಾಗಿತ್ತು.

ನಾನಿರುವುದು ಜರ್ಮನಿಯ ಲೈಪ್‌ಜಿಗ್‌ನಲ್ಲಿ, ನೂರು ವರ್ಷ ದಾಟಿದ ಕಟ್ಟಡದ ನೆಲಮಹಡಿಯಲ್ಲಿ. 1870ರ ನಂತರ, ಮೊದಲನೇ ಮಹಾಯುದ್ಧಕ್ಕೆ ಮುಂಚೆ ಕಟ್ಟಿದ ಇಂಥ ಮನೆಗಳು ಈ ಊರಲ್ಲಿ ಬೀದಿಗಟ್ಟಲೆ ಇವೆ. ಎತ್ತರದ ಚಾವಣಿ, ದೊಡ್ಡ ಕಿಟಕಿ, ಕಿರುಗುಟ್ಟುವ ಮರದ ಮೆಟ್ಟಿಲು. ಮನೆ ನೋಡಲು ಬಂದಾಗ ಇದನ್ನೆಲ್ಲ ಕಂಡು ಮನಸೋತಿದ್ದೆ. ಲಿಫ್ಟ್ ಇಲ್ಲ, ನೆಲಮಹಡಿಯಲ್ಲವಾ, ನಮಗೇನು ಅಂದುಕೊಂಡೆ. ನಮಗೇ ಎಲ್ಲಾ. ಲಿಫ್ಟ್ ಇಲ್ಲದ ಕಟ್ಟಡ, ನೆಲಮಹಡಿ, ಅಲ್ಲಿ ಹಗಲೆಲ್ಲ ಮನೆಯಲ್ಲೇ ಕೂತು ಕೆಲಸ ಮಾಡುವ ಪ್ರಾಣಿ. ಇಷ್ಟು ಗೊತ್ತಾದ ಮೇಲೂ ನಾಲ್ಕು ಮಹಡಿ ಹತ್ತುವ ಕೊರಿಯರ್ ಹುಡುಗ ಯಾವ ದೇಶದಲ್ಲೂ ಇರಲಾರ.

ಅವನ ಮೇಲೆ ನನಗೆ ಕೋಪವಿಲ್ಲ. ಅವನೂ ನನ್ನ ಹಾಗೆ ಹೊರಗಿನಿಂದ ಬಂದವನು. ಅವನ ಜರ್ಮನ್, ನನ್ನ ಜರ್ಮನ್ ಎರಡನ್ನೂ ಕೂಡಿಸಿದರೂ ಒಂದು ನೆಟ್ಟಗಿನ ವಾಕ್ಯವಾಗುವುದಿಲ್ಲ. ಆದರೂ ನಮ್ಮಿಬ್ಬರಿಗೆ ಒಬ್ಬರ ಮಾತು ಒಬ್ಬರಿಗೆ ಅರ್ಥವಾಗದೆ ಹೋಗಿದ್ದಿಲ್ಲ. ನನ್ನ ಹೆಸರಿನ ವಿಷಯವೊಂದನ್ನು ಬಿಟ್ಟು. ಅದಕ್ಕೆ ಆಮೇಲೆ ಬರುತ್ತೇನೆ.

ವಿದೇಶದಲ್ಲಿ ಹೊಸ ಬದುಕು ಕಟ್ಟಿಕೊಂಡ ಅನುಭವ ಬರೆಯಿರಿ ಅಂತ ಆಗಾಗ ಯಾರಾದರೂ ಹೇಳುತ್ತಿರುತ್ತಾರೆ. ಅವರಿಗೆ ಬೇಕಾದ್ದು ಹಿಮ, ಒಂಟಿತನ, ರೈಲುಗಳ ಶಿಸ್ತು. ರೈಲುಗಳ ಶಿಸ್ತಿನ ಬಗ್ಗೆ ಬರೆದರೆ ಇಲ್ಲಿಯವರೇ ಬಿದ್ದು ಬಿದ್ದು ನಗುತ್ತಾರೆ. 2024ರಲ್ಲಿ ಇಲ್ಲಿನ ದೂರದ ರೈಲುಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಜಾಸ್ತಿ ತಡವಾಗಿ ಬಂದವು. ಒಂಟಿತನದ ಬಗ್ಗೆ ಬರೆಯೋಣವೆಂದರೆ ಅದಕ್ಕೂ ಪುರುಸೊತ್ತು ಬೇಕಲ್ಲ. ದಿನಕ್ಕೆ ನಾಲ್ಕು ಸಲ ಬೆಲ್ ಹೊಡೆಯುವ ಮನೆಯಲ್ಲಿ ಒಂಟಿತನ ಎಲ್ಲಿಂದ ಬರಬೇಕು? ನನ್ನ ಪ್ಯಾಸೇಜಿನಲ್ಲಿ ಪೇರಿಸಿದ ರಟ್ಟಿನ ಪೆಟ್ಟಿಗೆಗಳಿಗೂ ನನ್ನ ಹೊಸ ಬದುಕಿಗೂ ಏನೋ ಸಂಬಂಧ ಇದೆ ಅಂತ ನನಗೆ ಬಹಳ ದಿನದಿಂದ ಅನುಮಾನ. ಬರೆಯುತ್ತಾ ಹೋದರೆ ಹೊಳೆಯಬಹುದು, ನೋಡೋಣ.

ಈ ದೇಶದ ಹೆಚ್ಚಿನ ಕಟ್ಟಡಗಳಲ್ಲಿ ಮನೆಗಳಿಗೆ ನಂಬರ್ ಇರುವುದಿಲ್ಲ. ಕಟ್ಟಡಕ್ಕೊಂದು ನಂಬರ್, ಆಮೇಲೆ ಬೆಲ್ ಪಕ್ಕ, ಪೋಸ್ಟ್ ಬಾಕ್ಸ್ ಮೇಲೆ ನಿಮ್ಮ ಹೆಸರು. ಹೆಸರು ಅಂಟಿಸದಿದ್ದರೆ ನೀವು ಇಲ್ಲವೇ ಇಲ್ಲ. ಮನೆ ಸೇರಿದ ಎರಡು ವಾರದೊಳಗೆ ನಗರದ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು. ಅದಾದ ಮೇಲೆ ಒಂದೊಂದಾಗಿ ಕಾಗದ ಬರುತ್ತವೆ. ಹನ್ನೊಂದು ಅಂಕಿಯ ತೆರಿಗೆ ನಂಬರ್ ಬರುತ್ತದೆ. ಬ್ಯಾಂಕಿನ ಕಾರ್ಡ್ ಒಂದು ಲಕೋಟೆಯಲ್ಲಿ, ಅದರ ಪಿನ್ ಇನ್ನೊಂದರಲ್ಲಿ ಬರುತ್ತದೆ. ರೇಡಿಯೋ, ಟೀವಿ ಶುಲ್ಕ ಅಂತ ಮನೆಗೆ ತಿಂಗಳಿಗೆ 18.36 ಯೂರೋ ಕಟ್ಟಬೇಕೆಂಬ ಕಾಗದವೂ ಬರುತ್ತದೆ. 'ನನ್ನ ಹತ್ತಿರ ಟೀವಿಯೇ ಇಲ್ಲ' ಅಂದರೆ ನಡೆಯುವುದಿಲ್ಲ. 2013ರಿಂದ ಅದು ಮನೆಯ ಲೆಕ್ಕ, ಟೀವಿಯ ಲೆಕ್ಕವಲ್ಲ. ಈ ಎಲ್ಲ ಕಾಗದಗಳಿಗೆ ದಾರಿ ತೋರಿಸುವುದು ಆ ಒಂದು ಗೇಣುದ್ದದ ಹೆಸರಿನ ಪಟ್ಟಿ. ಅದರ ಕೆಳಗೆ 'ಜಾಹೀರಾತು ಬೇಡ' ಅಂತ ಇನ್ನೊಂದು ಚೀಟಿ ಹಚ್ಚುವುದು ಜಾಣತನ. ಇಲ್ಲದಿದ್ದರೆ ವಾರಕ್ಕೊಮ್ಮೆ ಸೋಫಾ ಮಾರಾಟದ ಕಾಗದಗಳು ಹೊರೆಗಟ್ಟಲೆ ಬೀಳುತ್ತವೆ. ಆ ಚೀಟಿಗೆ ಬೆಲೆ ಕೊಡಲೇಬೇಕೆಂದು ಇಲ್ಲಿನ ಸರ್ವೋಚ್ಚ ನ್ಯಾಯಾಲಯ 1988ರಲ್ಲೇ ಹೇಳಿದೆ. ಪಕ್ಕದವರ ಪಾರ್ಸೆಲ್ ಬೇಡ ಅನ್ನುವ ಚೀಟಿ ಹಚ್ಚಿದವರನ್ನು ಮಾತ್ರ ನಾನು ನೋಡಿಲ್ಲ. ಹಚ್ಚುವ ಧೈರ್ಯ ನನಗೂ ಇಲ್ಲ.

ಮೂರನೇ ಮಹಡಿಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಅವರ ಹೆಸರು ಹೇಳುವುದಿಲ್ಲ. ಖಾಸಗಿ ಮಾಹಿತಿ ಅಂದರೆ ಈ ಕಡೆಯವರಿಗೆ ಪ್ರಾಣ. 2018ರ ಮೇ ತಿಂಗಳಲ್ಲಿ ಯೂರೋಪಿನ ಮಾಹಿತಿ ರಕ್ಷಣೆಯ ಕಾಯಿದೆ ಜಾರಿಗೆ ಬಂತಲ್ಲ, ಅದೇ ವರ್ಷ ವಿಯೆನ್ನಾದಲ್ಲಿ ಬಾಡಿಗೆದಾರರೊಬ್ಬರು ತಕರಾರು ತೆಗೆದರು. ಬೆಲ್ ಮೇಲೆ ನನ್ನ ಹೆಸರು ಹಾಕುವುದು ಯಾವ ನ್ಯಾಯ ಅಂತ. ನಗರದ ವಸತಿ ಇಲಾಖೆ ಗಾಬರಿಯಾಗಿ ಸುಮಾರು 2,20,000 ಮನೆಗಳ ಬೆಲ್‌ಗಳಿಂದ ಹೆಸರು ತೆಗೆದು ನಂಬರ್ ಹಾಕುವುದಾಗಿ ಸಾರಿತು. ಸುದ್ದಿ ಗಡಿ ದಾಟಿ ಜರ್ಮನಿಗೂ ಬಂತು. ಮನೆ ಮಾಲೀಕರೆಲ್ಲ ನಮ್ಮದೂ ತೆಗೆಯಬೇಕಾ ಅಂತ ತಲೆ ಕೆಡಿಸಿಕೊಂಡರು. ಕೊನೆಗೆ ಬೇಡ, ಕಾಯಿದೆ ಹಾಗೆ ಹೇಳಿಲ್ಲ ಅಂತ ಮೇಲಿನವರೇ ಸಮಾಧಾನ ಮಾಡಬೇಕಾಯಿತು. ತೆಗೆದುಹಾಕಿದ್ದರೆ ಕೊರಿಯರ್‌ನವರ ಗತಿ ಏನಾಗುತ್ತಿತ್ತೋ. ನನ್ನ ಗತಿ ಏನೂ ಬದಲಾಗುತ್ತಿರಲಿಲ್ಲ. ನನ್ನ ಬಾಗಿಲಿಗೆ ಬರಲು ಅವರು ಹೆಸರು ಓದುವುದನ್ನು ಬಿಟ್ಟು ಬಹಳ ಕಾಲವಾಗಿದೆ.

ಈಗ ಆ ಉದ್ದನೆಯ ಪೆಟ್ಟಿಗೆಯ ಕಥೆ ಹೇಳಲೇಬೇಕು.

ಒಂದು ಬೇಸಿಗೆಯ ಮಧ್ಯಾಹ್ನ ಬಂತು. ನನ್ನಷ್ಟೇ ಎತ್ತರ, ತೆಳ್ಳಗೆ, ಒಂದು ಮೂಲೆ ಒಳಕ್ಕೆ ಜಜ್ಜಿ ಹೋಗಿತ್ತು. ನಿಲ್ಲಿಸಿದರೆ ಬೀಳುತ್ತದೆ, ಮಲಗಿಸಿದರೆ ಬಚ್ಚಲಿಗೆ ಹೋಗುವ ದಾರಿಗೆ ಅಡ್ಡ. ಮಲಗಿಸಿದೆ. ಆ ರಾತ್ರಿ ಕಿರುಬೆರಳು ಎಡವಿತು. ಮರುದಿನ ರಾತ್ರಿ ಅದೇ ಬೆರಳು. ಸಾಮಾನ್ಯವಾಗಿ ಸಂಜೆಯೊಳಗೆ ಯಾರಾದರೂ ಬಂದು ಪಾರ್ಸೆಲ್ ಒಯ್ಯುತ್ತಾರೆ. ಇದಕ್ಕೆ ಯಾರೂ ಬರಲಿಲ್ಲ. ಒಂದು ವಾರ ಹೋಯಿತು, ಇನ್ನೊಂದೂ ಹೋಯಿತು. ಮೇಲಿದ್ದ ಹೆಸರು ಹಿಡಿದು ಕೆಳಗಿನ ಬೆಲ್‌ಗಳನ್ನೆಲ್ಲ ಓದಿದೆ. ಅಂಥ ಹೆಸರು ಇಲ್ಲವೇ ಇಲ್ಲ. ಎರಡನೇ ಮಹಡಿಯಲ್ಲಿ ವಿದ್ಯಾರ್ಥಿಗಳು ಬಾಡಿಗೆ ಹಂಚಿಕೊಂಡು ಇರುವ ಮನೆ. ಅವರ ಪೋಸ್ಟ್ ಬಾಕ್ಸ್ ಮೇಲೆ ಟೇಪಿನ ಮೇಲೆ ಟೇಪು ಕೂತು ಬೆರಳು ದಪ್ಪ ಆಗಿದೆ. ಅಂಚನ್ನು ಉಗುರಿನಲ್ಲಿ ಎತ್ತಿ ಓದುತ್ತಾ ನಿಂತಿದ್ದಾಗ ಅಜ್ಜಿ ಮೆಟ್ಟಿಲು ಇಳಿದು ಬಂದರು. ನನ್ನ ಉಗುರನ್ನು ನೋಡಿದರು, ನನ್ನನ್ನು ನೋಡಿದರು, 'ಗುಟನ್ ಟಾಗ್' ಅಂದು ನಡೆದರು. ಆ ನಮಸ್ಕಾರದಲ್ಲಿ ಪೊಲೀಸಿಗೆ ಹೇಳಬೇಕಾ ಅನ್ನುವ ಯೋಚನೆ ಇತ್ತು.

ಪೆಟ್ಟಿಗೆ ಹಾಗೇ ಇತ್ತು. ಬರಬರುತ್ತಾ ಅದು ಮನೆಯ ಸಾಮಾನಿನಲ್ಲಿ ಒಂದಾಯಿತು. ಬೀಗದ ಕೈ ಅದರ ಮೇಲೆ ಇಡತೊಡಗಿದೆ. ಶೂ ಲೇಸ್ ಕಟ್ಟಲು ಅದರ ಮೇಲೆ ಕೂರುವುದು ಅಭ್ಯಾಸವಾಯಿತು. ಮನೆಗೆ ಬಂದ ಗೆಳೆಯನೊಬ್ಬ ಬೆಂಚು ಚೆನ್ನಾಗಿದೆ, ಎಲ್ಲಿ ತಗೊಂಡಿದ್ದು ಅಂತ ಕೇಳಿದ. ಒಳಗೇನಿದೆ ಅಂತ ತೆಗೆದು ನೋಡುವ ಆಸೆ ಬರಲಿಲ್ಲ ಅಂದರೆ ಸುಳ್ಳು. ಅಲುಗಾಡಿಸಿ ನೋಡಿದ್ದೇನೆ. ಕಬ್ಬಿಣದ ಸದ್ದು.

ಆಮೇಲೆ ತಿಳಿದ ವಿಷಯ ಇದು. ಪೆಟ್ಟಿಗೆಯ ಯಜಮಾನ ಎರಡನೇ ಮಹಡಿಯಲ್ಲೇ ಇದ್ದ. ಒಳಬಾಡಿಗೆಗೆ ಹೊಸದಾಗಿ ಸೇರಿದ್ದ ಹುಡುಗ, ಹೆಸರು ಇನ್ನೂ ಅಂಟಿಸಿರಲಿಲ್ಲ. ಅವನ ಫೋನಿಗೆ 'ಪಾರ್ಸೆಲ್ ಪಕ್ಕದವರ ಬಳಿ ಇದೆ' ಅಂತ ಸಂದೇಶ ಬಂದಿತ್ತು. ಪಕ್ಕದವರ ಹೆಸರೂ ಇತ್ತು. ಕೊರಿಯರ್ ಹುಡುಗ ನನ್ನ ಹೆಸರನ್ನು ಕಿವಿಗೆ ಬಿದ್ದಂತೆ ಮೆಷಿನ್ನಿಗೆ ಹೊಡೆದಿದ್ದ. ಅದು ನನ್ನ ಹೆಸರೂ ಅಲ್ಲ, ಭೂಮಿಯ ಮೇಲೆ ಇನ್ಯಾರ ಹೆಸರೂ ಇರಲಾರದು. ಆ ಹೆಸರನ್ನು ಹುಡುಕಿಕೊಂಡು ಅವನು ಬೆಲ್‌ಗಳನ್ನೆಲ್ಲ ಓದಿದ್ದ. ಅವನ ಹೆಸರನ್ನು ಹುಡುಕಿಕೊಂಡು ನಾನು ಓದಿದ್ದೆ. ಇಬ್ಬರೂ ದಿನಾ ಬೆಳಗ್ಗೆ ಕಸದ ಡಬ್ಬದ ಹತ್ತಿರ ಎದುರಾಗಿ 'ಹಾಲೋ' ಅಂದುಕೊಂಡು ಹೋಗುತ್ತಿದ್ದೆವು. ಗಂಟು ಬಿಡಿಸಿದವರು ಅಜ್ಜಿ. ಆ ಹುಡುಗನಿಗೆ ಒಂದು ದಿನ ಹೇಳಿದರಂತೆ, 'ನೆಲಮಹಡಿಯಲ್ಲಿ ಕೇಳಿ, ಎಲ್ಲರದ್ದೂ ಅಲ್ಲೇ ಇರುತ್ತೆ.'

ಬಂದ. ಖುಷಿಪಡುತ್ತಾನೆ ಅಂತ ನಾನು ಬಾಗಿಲು ಪೂರ್ತಿ ತೆಗೆದು ನಿಂತೆ. ಅವನು ಮೊಣಕಾಲೂರಿ ಕೂತು, ಜಜ್ಜಿದ ಮೂಲೆಯ ಮೇಲೆ ಬೆರಳಾಡಿಸಿ, 'ಇದು ಹೇಗಾಯಿತು?' ಅಂದ. ಬಂದಾಗಲೇ ಹಾಗಿತ್ತು ಅಂದೆ. 'ಹ್ಮ್' ಅಂದ. ಈ 'ಹ್ಮ್' ಕಲಿಯಲು ಯಾವ ಭಾಷೆಯ ತರಗತಿಯೂ ಬೇಡ. ಒಳಗಿದ್ದದ್ದು ಬಟ್ಟೆ ನೇತುಹಾಕುವ ಸ್ಟ್ಯಾಂಡು. ಅದು ಸಿಗದೇ ಹೋಯಿತು ಅಂತ ಅವನು ಬೇರೆಯದನ್ನು ಕೊಂಡಾಗಿತ್ತು. ಹಾಗಾಗಿ ಇದನ್ನು ವಾಪಸು ಕಳಿಸುತ್ತಾನಂತೆ. ಆನ್‌ಲೈನಿನಲ್ಲಿ ಕೊಂಡದ್ದನ್ನು 14 ದಿನದೊಳಗೆ ಕಾರಣ ಹೇಳದೆ ಬೇಡ ಅನ್ನಬಹುದು, ಆ 14 ದಿನ ವಸ್ತು ಅವನ ಕೈಗೆ ಬಂದಾಗಿನಿಂದ ಲೆಕ್ಕ, ನನ್ನ ಕೈಗೆ ಬಂದಾಗಿನಿಂದ ಅಲ್ಲ ಅಂತ ಕಾನೂನನ್ನೂ ವಿವರಿಸಿದ. ಜೇಬಿನಿಂದ ವಾಪಸಾತಿಯ ಚೀಟಿ ತೆಗೆದು ಅಲ್ಲೇ, ನನ್ನ ಪ್ಯಾಸೇಜಿನಲ್ಲೇ, ಪೆಟ್ಟಿಗೆಗೆ ಅಂಟಿಸಿದ. 'ನಾಳೆ ತಗೊಂಡು ಹೋಗಲು ಬರ್ತಾರೆ. ನೀನು ಹೇಗೂ ಮನೇಲಿರ್ತೀಯಲ್ಲ?'

ಇದ್ದೆ. ಕೊಟ್ಟು ಕಳಿಸಿದೆ. ಒಬ್ಬರು ಕೊಂಡು, ವಾಪಸು ಕೊಟ್ಟು, ಹಣವನ್ನೂ ಪಡೆದ ಆ ಸ್ಟ್ಯಾಂಡು ನನ್ನ ಪ್ಯಾಸೇಜು ಬಿಟ್ಟು ಒಂದು ಮೆಟ್ಟಿಲೂ ಮೇಲೆ ಹತ್ತಲಿಲ್ಲ. ಮುಂದೆ ಒಂದು ವಾರ ಶೂ ಹಾಕಿಕೊಳ್ಳಲು ಕೂರುವ ಜಾಗವಿಲ್ಲದೆ ಒದ್ದಾಡಿದೆ.

ಹೊರಗಿನಿಂದ ಬಂದವರು ಇಲ್ಲಿನ ಸಮಾಜದಲ್ಲಿ ಬೆರೆಯಲಿ ಅಂತ ಸರ್ಕಾರ ಒಂದು ಕೋರ್ಸ್ ನಡೆಸುತ್ತದೆ. ಸಾಮಾನ್ಯವಾಗಿ 600 ಪಾಠ ಭಾಷೆಗೆ, 100 ಪಾಠ ದೇಶದ ಕಾನೂನು, ಇತಿಹಾಸ, ರೀತಿ ನೀತಿಗೆ. ಪೌರತ್ವ ಬೇಕಾದವರಿಗೆ ಪರೀಕ್ಷೆ ಬೇರೆ. 33 ಪ್ರಶ್ನೆ, 17 ಸರಿಯಾದರೆ ಪಾಸು. ತಪ್ಪೇನಿಲ್ಲ, ಕಲಿಯಬೇಕಾದ್ದೇ. ಆದರೆ ಬೆರೆಯುವುದು ಅಂದರೆ ಯಾವಾಗಲೂ ಬಂದವರೇ ಕಲಿಯುವ ಪಾಠ ಅಂತ ಯಾರು ತೀರ್ಮಾನಿಸಿದರೋ. ನಾಲ್ಕನೇ ಮಹಡಿಯವನಿಗೂ ಒಂದು ನಾಲ್ಕು ಪಾಠ ಇಡಬಹುದಿತ್ತು. ಪಕ್ಕದವರು ನಿಮ್ಮ ಬೆಕ್ಕಿನ ಕಕ್ಕಸಿಗೆ ಹಾಕುವ ಇಪ್ಪತ್ತು ಕಿಲೋ ಮರಳನ್ನು ಮೂರು ದಿನ ಕಾದಿದ್ದಾರೆ, ಬಾಗಿಲು ತೆಗೆದೊಡನೆ ನೀವು ಏನು ಹೇಳಬೇಕು? ನಾಲ್ಕು ಉತ್ತರ ಕೊಟ್ಟು ಗುರುತು ಹಾಕಲು ಹೇಳಿ ನೋಡೋಣ. ಆ ಮನುಷ್ಯ ನನ್ನೊಂದಿಗೆ ಮೊಟ್ಟಮೊದಲು ಸ್ನೇಹದಿಂದ ಮಾತಾಡಿದ್ದು ಬೇಸಿಗೆ ರಜೆಗೆ ಮುಂಚೆ. ಮೆಟ್ಟಿಲ ಮೇಲೆ ನಿಂತು, ಎಲ್ಲಾದರೂ ಹೋಗ್ತಿದ್ದೀರಾ, ಯಾವಾಗಿನಿಂದ ಯಾವಾಗಿನವರೆಗೆ ಅಂತ ವಿಚಾರಿಸಿದ. ಅಬ್ಬಾ, ಕೊನೆಗೂ ಒಬ್ಬರಿಗೆ ನಮ್ಮ ನೆನಪಾಯಿತು ಅಂದುಕೊಂಡು ದಿನಾಂಕ ಸಮೇತ ಹೇಳಿದೆ. ಅವನು ಅದನ್ನು ಫೋನಿನಲ್ಲಿ ಬರೆದುಕೊಂಡ. ಆರ್ಡರ್ ಮಾಡುವುದನ್ನು ಅದಕ್ಕೆ ಹೊಂದಿಸಿಕೊಳ್ಳಲು.

ಅಜ್ಜಿಯ ಬಗ್ಗೆ ಮಾತ್ರ ದೂರು ಹೇಳಬಾರದು. ಅವರಿಗೆ ಪಾರ್ಸೆಲ್ ಬರುವುದೇ ಅಪರೂಪ. ಬಂದರೆ ಒಯ್ಯಲು ಬರುವಾಗ ಕೈಯಲ್ಲಿ ಮನೆಯಲ್ಲೇ ಮಾಡಿದ ಜಾಮ್ ಬಾಟಲಿ ಇರುತ್ತದೆ. ಖಾಲಿಯಾದ ಬಾಟಲಿ ತೊಳೆದು ವಾಪಸು ಕೊಡಬೇಕು. ಮುಚ್ಚಳ ಮರೆತರೆ ಮೂರನೇ ಮಹಡಿಯಿಂದ ಇಳಿದು ಬಂದು ಕೇಳುತ್ತಾರೆ. ನನಗೆ ಇದು ಇಷ್ಟ.

ಹೋದ ತಿಂಗಳು ನನಗೂ ಒಂದು ಪಾರ್ಸೆಲ್ ಬರುವುದಿತ್ತು. ಇಡೀ ದಿನ ಕಾದೆ. ಬೇರೆಯವರದ್ದೆಲ್ಲ ಬಂತು. ಹಾಲು ತರಲು ಹೀಗೆ ಹೋಗಿ ಹಾಗೆ ಬಂದೆ, ಬಾಕ್ಸಿನಲ್ಲಿ ಚೀಟಿ ಬಿದ್ದಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ, ಪಾರ್ಸೆಲ್ ತೆಗೆದುಕೊಳ್ಳುವ ಪಕ್ಕದವರೂ ಸಿಗಲಿಲ್ಲ, ಟ್ರಾಮ್‌ನಲ್ಲಿ ಹೋಗಬೇಕಾದಷ್ಟು ದೂರದ ಒಂದು ಅಂಗಡಿಯಿಂದ ಬಿಡಿಸಿಕೊಳ್ಳಿ ಅಂತ. ಪಕ್ಕದವರು ಸಿಗುವುದು ಹೇಗೆ? ಈ ಕಟ್ಟಡದಲ್ಲಿ ಪಕ್ಕದವರು ಅಂದರೆ ನಾನೇ ಅಲ್ವಾ.

ಮರುದಿನ ಪಾಸ್‌ಪೋರ್ಟ್ ಹಿಡಿದು ಹೊರಟೆ. ಬಾಗಿಲಲ್ಲೇ ನಾಲ್ಕನೇ ಮಹಡಿಯವನು ಸಿಕ್ಕ. ಎಲ್ಲಿಗೆ ಅಂತ ಕೇಳಿದ, ಹೇಳಿದೆ. 'ಓ, ಅದೇ ಅಂಗಡೀನಾ?' ಅಂದವನೇ ಮೇಲೆ ಓಡಿದ. ಅಷ್ಟು ಚುರುಕಾಗಿ ಅವನು ಮೆಟ್ಟಿಲು ಹತ್ತಬಲ್ಲ ಅಂತ ಗೊತ್ತಿರಲಿಲ್ಲ. ಇಳಿದು ಬಂದಾಗ ಕೈಯಲ್ಲಿ ಅವನದೊಂದು ಚೀಟಿ. ಹಿಂಬದಿಯಲ್ಲಿ, ಬೇರೆಯವರಿಗೆ ಅಧಿಕಾರ ಕೊಡುವ ಜಾಗದಲ್ಲಿ, ನನ್ನ ಹೆಸರು ಬರೆದು ಸಹಿ ಹಾಕಿದ್ದ. ಸ್ಪೆಲಿಂಗ್ ಸರಿಯಾಗಿತ್ತು.

ನನ್ನದು ಅಂಗೈಯಗಲದ ಲಕೋಟೆ. ಅವನದಕ್ಕೆ ಹತ್ತು ಕಿಲೋ ದಾಟಿದೆ ಅನ್ನುವ ಗುರುತು ಹಚ್ಚಿದ್ದರು. ಹೊರುವವರ ಸೊಂಟ ಉಳಿಯಲಿ ಅಂತ 2025ರಿಂದ ಬಂದಿರುವ ನಿಯಮ ಅದು. ಎರಡನ್ನೂ ತಂದೆ. ಮನೆ ಮುಟ್ಟಿ ಅವನ ಬೆಲ್ ಒತ್ತಿದರೆ ಉತ್ತರವಿಲ್ಲ. ನಾಲ್ಕನೇ ಮಹಡಿಗೆ ನಾನು ಹತ್ತಲಿಲ್ಲ. ಪೆಟ್ಟಿಗೆಯನ್ನು ಬಚ್ಚಲ ದಾರಿಗೆ ಅಡ್ಡವಾಗದಂತೆ ಗೋಡೆಗೆ ಒತ್ತಿ ಇಟ್ಟು, ಒಂದು ಚೀಟಿ ಬರೆದು ಅವನ ಪೋಸ್ಟ್ ಬಾಕ್ಸಿಗೆ ಹಾಕಿದೆ. ನೀವು ಮನೆಯಲ್ಲಿರಲಿಲ್ಲ, ನಿಮ್ಮ ಪಾರ್ಸೆಲ್ ನೆಲಮಹಡಿಯಲ್ಲಿದೆ, ಸಂಜೆ ಆರರಿಂದ ಏಳರೊಳಗೆ ಗುರುತಿನ ಚೀಟಿ ಸಮೇತ ಬಂದು ಬಿಡಿಸಿಕೊಳ್ಳತಕ್ಕದ್ದು.