ಹತ್ತಿದ್ದು ಕಾಲಲ್ಲಿ, ಇಳಿದದ್ದು ಪ್ಯಾಂಟಲ್ಲಿ

ದೂರದ ಬೆಟ್ಟ ನುಣ್ಣಗೆ ಅಂತ ಗಾದೆ ಕಟ್ಟಿದವರು ಮಧುಗಿರಿ ಕಡೆಯವರಂತೂ ಅಲ್ಲ. ಅಲ್ಲಿನ ಬೆಟ್ಟ ಬುಡದಲ್ಲಿ ನಿಂತು ನೋಡಿದರೂ ನುಣ್ಣಗೇ ಕಾಣುತ್ತದೆ. ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದ ಆನೆ ಊರ ಪಕ್ಕದಲ್ಲಿ ಮಲಗಿದ ಹಾಗೆ, ಒಂದೇ ಒಂದು ಬಂಡೆ. ಜಾರಿದರೆ ಹಿಡಿದುಕೊಳ್ಳೋಣ ಅಂದರೆ ಅದರ ಬೆನ್ನ ಮೇಲೆ ಒಂದು ಹುಲ್ಲುಕಡ್ಡಿಗೂ ಜಾಗವಿಲ್ಲ.

ಇಂಥ ಬಂಡೆಗೂ ನನಗೂ ಗಂಟು ಹಾಕಿದವರು ನನ್ನ ಷಡ್ಡಕರು. ಕಾಲೇಜಿನಲ್ಲಿ ಮೂವತ್ತು ವರ್ಷ ಭೂವಿಜ್ಞಾನ ಪಾಠ ಮಾಡಿ ನಿವೃತ್ತರಾದವರು. ಮನೆಯವರಿಗೆಲ್ಲ ಅವರು ‘ಮೇಷ್ಟ್ರು’. ನಾನು ಊಟದ ನಡುವೆ ಬಾಯ್ತಪ್ಪಿ ‘ಡಾಕ್ಟರು ದಿನಾ ನಡೀಬೇಕು ಅಂದಿದ್ದಾರೆ’ ಅಂದೆ. ‘ನಡಿಯೋದೇನು, ಹತ್ತೇಬಿಡೋಣ’ ಅಂದರು ಮೇಷ್ಟ್ರು. ‘ಭಾವ ಹೇಳಿದ್ದು ಸರಿಯಾಗಿದೆ’ ಅಂದಳು ನನ್ನಾಕೆ. ಬಹುಮತ ಬಿತ್ತು.

ಅಟ್ಟದ ಮೇಲಿಂದ ನನ್ನ ಟ್ರೆಕ್ಕಿಂಗ್ ಶೂ ಇಳಿಯಿತು. ನಾಲ್ಕು ವರ್ಷದ ಹಿಂದೆ, ಹೊಸ ವರ್ಷದ ಸಂಕಲ್ಪದ ಬಿಸಿಯಲ್ಲಿ ಕೊಂಡದ್ದು. ಫೆಬ್ರವರಿಯಿಂದ ಪೆಟ್ಟಿಗೆಯೊಳಗೇ ಇತ್ತು. ತೆಗೆದು ನೋಡಿದರೆ ಹೊಸದರಂತೆ ಹೊಳೆಯುತ್ತಿತ್ತು. ಬಳಸದೆ ಇಟ್ಟ ಶೂಗಳ ಅಡಿ ಒಳಗೊಳಗೇ ಹಳಸಿ ಪುಡಿಯಾಗುತ್ತದೆ ಅನ್ನುವ ವಿಷಯ ನನಗೆ ಆಗ ಗೊತ್ತಿರಲಿಲ್ಲ. ಮುಂದೆ, ಸಮುದ್ರಮಟ್ಟದಿಂದ ಸುಮಾರು ಮೂರೂವರೆ ಸಾವಿರ ಅಡಿ ಎತ್ತರದಲ್ಲಿ ಗೊತ್ತಾಯಿತು.

ಬೆಂಗಳೂರಿಂದ ಮಧುಗಿರಿ ನೂರು ಕಿಲೋಮೀಟರು. ದಾಬಸ್‌ಪೇಟೆಯಲ್ಲಿ ತಟ್ಟೆ ಇಡ್ಲಿ ತಿನ್ನಲು ಹತ್ತು ನಿಮಿಷ, ಮಿಕ್ಕ ದಾರಿಯುದ್ದಕ್ಕೂ ಕಲ್ಲು ನೋಡಲು ಎರಡು ಗಂಟೆ. ರಸ್ತೆ ಅಗಲ ಮಾಡಲು ಬಂಡೆ ಸೀಳಿದ್ದಾರೋ, ‘ನಿಲ್ಸು ನಿಲ್ಸು’. ಜಲ್ಲಿ ರಾಶಿ ಕಂಡಿತೋ, ‘ನಿಲ್ಸು’. ಕೊರಟಗೆರೆ ದಾಟುವಷ್ಟರಲ್ಲಿ ಅವರ ಕೈಯಲ್ಲಿ ಮೂರು ಕಲ್ಲುಗಳಿದ್ದವು. ಒಂದು ನಸುಗೆಂಪು ಫೆಲ್ಡ್‌ಸ್ಪಾರ್, ಒಂದು ಬಿಳಿ ಬೆಣಚುಕಲ್ಲು, ಇನ್ನೊಂದು ಮಿಣಮಿಣ ಕಾಗೆಬಂಗಾರ ಮೆತ್ತಿಕೊಂಡದ್ದು. ‘ಗ್ರಾನೈಟ್ ಅಂದ್ರೆ ಈ ಮೂರೇ ಕಣಯ್ಯ, ಬಿಸಿಬೇಳೆಬಾತಿಗೆ ಅಕ್ಕಿ, ಬೇಳೆ, ತರಕಾರಿ ಇದ್ದ ಹಾಗೆ’ ಅಂದು ಮೂರನ್ನೂ ನನ್ನ ಬ್ಯಾಗಿಗೆ ಹಾಕಿದರು. ಅವರ ಬ್ಯಾಗಿನ ಜಿಪ್ಪು ಕೆಟ್ಟಿತ್ತಂತೆ. ಮೊಸರನ್ನದ ಡಬ್ಬಿ, ಕೋಡುಬಳೆ ಪೊಟ್ಟಣ, ಎರಡು ಲೀಟರ್ ನೀರಿನ ಜೊತೆಗೆ ಬಿಸಿಬೇಳೆಬಾತಿನ ಕಚ್ಚಾಮಾಲನ್ನೂ ಹೊತ್ತುಕೊಂಡು ನಾನು ಹೊರಟೆ.

ಬುಡದಲ್ಲೇ ಮೇಷ್ಟ್ರ ಪಾಠ ಶುರುವಾಯಿತು. ಈ ಕಲ್ಲಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಹೆಸರು ಕ್ಲೋಸ್‌ಪೇಟೆ ಗ್ರಾನೈಟ್. ಕ್ಲೋಸ್‌ಪೇಟೆ ಅಂದರೆ ನಮ್ಮ ರಾಮನಗರವೇ. 1799ರಲ್ಲಿ ಟಿಪ್ಪು ತೀರಿಕೊಂಡ ಮೇಲೆ ಮೈಸೂರಿಗೆ ರೆಸಿಡೆಂಟ್ ಆಗಿ ಬಂದ ಬ್ಯಾರಿ ಕ್ಲೋಸ್ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರು ಊರಿಗೆ ಅಂಟಿತು. ಊರು ಅದನ್ನು ಕಳಚಿಕೊಂಡರೂ ಕಲ್ಲಿಗೆ ಬಿಡಿಸಿಕೊಳ್ಳಲಾಗಲಿಲ್ಲ. ರಾಮನಗರದ ಗುಡ್ಡ, ಸಾವನದುರ್ಗ, ಶಿವಗಂಗೆ, ಮಧುಗಿರಿ, ಪಾವಗಡ ಎಲ್ಲ ಒಂದೇ ಸಾಲಿನ ಅಣ್ಣತಮ್ಮಂದಿರು. ‘ಹಿಮಾಲಯ ಇದರ ಮುಂದೆ ಐದು ಕೋಟಿ ವರ್ಷದ ಹಸುಗೂಸು’ ಅಂದರು. ಐವತ್ತೆರಡರ ನನ್ನ ಮಂಡಿಗೆ ಅದರಿಂದ ಸಮಾಧಾನವೇನೂ ಆಗಲಿಲ್ಲ.

ಬೆಟ್ಟದ ಎತ್ತರ 3,930 ಅಡಿ. ಈ ಲೆಕ್ಕವನ್ನು ಹಿಂದಿನ ದಿನವೇ ಆಫೀಸಿನಲ್ಲಿ ಎಲ್ಲರಿಗೂ ಹೇಳಿದ್ದೆ. ಮಧುಗಿರಿ ಊರೇ ಎರಡೂವರೆ ಸಾವಿರ ಅಡಿ ಮೇಲಿದೆ, ಅಷ್ಟನ್ನು ನಾನು ಕಾರಿನಲ್ಲಿ ಕೂತೇ ಹತ್ತಿರುತ್ತೇನೆ ಅನ್ನುವುದನ್ನು ಹೇಳಿರಲಿಲ್ಲ.

ಮೊದಲರ್ಧ ಸುಲಭ. ಮೆಟ್ಟಿಲು, ಕೋಟೆ ಬಾಗಿಲು, ಬಾಗಿಲ ನೆರಳಲ್ಲಿ ತಂಪು ಗಾಳಿ. ಅಲ್ಲಿ ಏದುಸಿರು ಬಿಡುತ್ತ ಕೂತಾಗ ಮೇಷ್ಟ್ರು ಕೋಟೆಯ ಕತೆ ಹೇಳಿದರು. ಪಾಳೇಗಾರನ ಕುರಿಯೊಂದು ತಪ್ಪಿಸಿಕೊಂಡು ಬೆಟ್ಟ ಹತ್ತಿ, ಮೈಯೆಲ್ಲ ಒದ್ದೆ ಮಾಡಿಕೊಂಡು ಬಂತಂತೆ. ಮೇಲೆ ನೀರಿದೆ ಅಂತ ಗೊತ್ತಾಗಿ ಅವನು ಅಲ್ಲೇ ಕೋಟೆ ಕಟ್ಟಿಸಿದನಂತೆ. ನನ್ನಾಕೆ ನನ್ನ ಅಂಗಿ ನೋಡಿದಳು. ಕೊರಳಿಂದ ಸೊಂಟದವರೆಗೆ ಹಿಂಡುವ ಹಾಗಿತ್ತು. ಅವಳು ಏನೂ ಅನ್ನಲಿಲ್ಲ. ಆದರೆ ಕುರಿ ಯಾವುದೆಂದು ಮೂವರಿಗೂ ತಿಳಿಯಿತು.

ಆಮೇಲೆ ಮೆಟ್ಟಿಲು ಮುಗಿಯಿತು. ಬಂಡೆಯ ಬೆನ್ನಲ್ಲಿ ಉಳಿ ಹೊಡೆದ ಅಂಗೈಯಗಲದ ಗುಳಿಗಳು, ಅಲ್ಲಲ್ಲಿ ಹಿಡಿದುಕೊಳ್ಳಲು ಕಬ್ಬಿಣದ ಸರಳು. ಗುಳಿಯಲ್ಲಿ ಕಾಲಿಟ್ಟರೆ ಹೆಬ್ಬೆರಳು ಹಿಡಿಯುತ್ತದೆ, ಹಿಮ್ಮಡಿ ಆಕಾಶದಲ್ಲಿರುತ್ತದೆ. ನಾನು ಕೈಕಾಲು ನಾಲ್ಕನ್ನೂ ಊರಿ ನಿಂತಿದ್ದಾಗ ಮೇಷ್ಟ್ರು ಪಕ್ಕದಲ್ಲೇ ಬಂಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದರು. ಡಬ್ ಡಬ್ ಅಂತು, ಹಲಸಿನಹಣ್ಣು ತಟ್ಟಿದ ಹಾಗೆ.

‘ಕೇಳಿಸ್ತಾ? ಒಳಗೆ ಟೊಳ್ಳು. ಈ ಕಲ್ಲು ಹುಟ್ಟಿದ್ದು ಭೂಮಿ ಆಳದಲ್ಲಿ. ಮೇಲಿನ ಭಾರವೆಲ್ಲ ಸವೆದು ಹೋದ ಮೇಲೆ ಹಗುರಾಗಿ ಉಬ್ಬುತ್ತೆ, ಈರುಳ್ಳಿ ಥರ ಪದರ ಬಿಡುತ್ತೆ. ನೀನು ಈಗ ನಿಂತಿರೋದು ಬಿಟ್ಟುಕೊಂಡಿರೋ ಪದರದ ಮೇಲೆ.’

‘ಮೇಷ್ಟ್ರೇ, ಇದು ಯಾವಾಗ ಬೀಳುತ್ತೆ?’

‘ಇನ್ನೊಂದು ಹತ್ತು ಸಾವಿರ ವರ್ಷದೊಳಗೆ.’

ಉಸಿರು ಬಿಟ್ಟೆ. ಅವರು ಒಂದು ಕ್ಷಣ ಯೋಚಿಸಿ, ‘ಇವತ್ತು ಬಿದ್ರೂ ಅದು ಹತ್ತು ಸಾವಿರ ವರ್ಷದೊಳಗೇ ತಾನೆ’ ಅಂದರು. ವಿಜ್ಞಾನದವರಿಗೆ ಕರುಣೆ ಕಡಿಮೆ.

ಇದೇ ಹೊತ್ತಿಗೆ ನನ್ನ ಬಲಗಾಲಿನ ಶೂ ಬಾಯಿ ಬಿಟ್ಟಿತು. ಮುಂದಿನಿಂದ ಹಿಮ್ಮಡಿವರೆಗೆ, ಪಕ್ಕಾ ಮೊಸಳೆ. ಹೆಜ್ಜೆ ಎತ್ತಿದರೆ ಆಕಳಿಸುತ್ತದೆ, ಇಟ್ಟರೆ ಚಪ್ಪಾಳೆ ತಟ್ಟುತ್ತದೆ. ನನ್ನಾಕೆ ಜಡೆಯ ರಬ್ಬರ್ ಬ್ಯಾಂಡ್ ಬಿಚ್ಚಿ ಕೊಟ್ಟಳು. ಅದನ್ನು ಸುತ್ತಿಕೊಂಡು ಹತ್ತು ಹೆಜ್ಜೆ ಇಡುವಷ್ಟರಲ್ಲಿ ಎಡಗಾಲಿನದೂ ಅಣ್ಣನ ದಾರಿ ಹಿಡಿಯಿತು. ಅವಳಿಗಿದ್ದದ್ದು ಒಂದೇ ಜಡೆ.

ಶೂ ನೋಡಲು ಬಗ್ಗಿದ್ದೇ ತಪ್ಪಾಯಿತು. ಬ್ಯಾಗನ್ನು ಕೋಟೆಗೋಡೆಯ ಮೇಲಿಟ್ಟಿದ್ದೆ. ಅದರ ಪಕ್ಕ ಯಾರೋ ಹಿರಿಯರು ಕೂತಿದ್ದಾರೆ ಅಂದುಕೊಂಡರೆ, ಅದು ಮುಸುವ. ಅವಸರವೇ ಇಲ್ಲ. ಜಿಪ್ಪು ಎಳೆದು, ಮೊದಲು ಬೆಣಚುಕಲ್ಲು ತೆಗೆದು ಮೂಸಿ ಪಕ್ಕಕ್ಕಿಟ್ಟಿತು. ಫೆಲ್ಡ್‌ಸ್ಪಾರನ್ನು ಕಚ್ಚಿ ನೋಡಿ, ನನ್ನ ಕಡೆ ತಿರುಗಿ, ‘ಇದನ್ನ ಹೊತ್ಕೊಂಡು ಬಂದ್ಯಾ?’ ಅನ್ನುವ ಹಾಗೆ ನೋಡಿತು. ಆಮೇಲೆ ಕೋಡುಬಳೆ ಪೊಟ್ಟಣ ಕಂಕುಳಲ್ಲಿ, ಮೊಸರನ್ನದ ಡಬ್ಬಿ ಕೈಯಲ್ಲಿ ಹಿಡಿದು ಗೋಡೆಯಾಚೆ ಇಳಿದುಹೋಯಿತು. ನಾವಿಬ್ಬರೂ ಗಂಡಹೆಂಡತಿ ಹೋ ಎಂದು ಕೂಗಿದೆವು. ಮೇಷ್ಟ್ರು ಓಡಿ ಬಂದು ಬ್ಯಾಗಿನೊಳಗೆ ಕೈ ಹಾಕಿ, ‘ಸದ್ಯ, ಕಾಗೆಬಂಗಾರಕ್ಕೆ ಏನೂ ಆಗಿಲ್ಲ’ ಅಂದರು.

ತುದಿ ತಲುಪಿದೆವು. ಪಾಳುಬಿದ್ದ ಗೋಪಾಲಕೃಷ್ಣನ ಗುಡಿ, ಸುತ್ತ ದಿಕ್ಕುದಿಕ್ಕಿಗೂ ಗುಡ್ಡ, ಕೆಳಗೆ ಬೆಂಕಿಪೊಟ್ಟಣ ಚೆಲ್ಲಿದಂತೆ ಊರು. ಚೆನ್ನಾಗಿತ್ತು. ಹೊಟ್ಟೆ ತುಂಬಿದ್ದರೆ ಇನ್ನೂ ನಾಲ್ಕು ಸಾಲು ಬರೆಯಬಹುದಾಗಿತ್ತು.

ನಿಜವಾದ ಕಷ್ಟ ಇಳಿಯುವುದು. ಹತ್ತುವಾಗ ಕಣ್ಣಿಗೆ ಬಂಡೆ ಮಾತ್ರ ಕಾಣುತ್ತದೆ, ಇಳಿಯುವಾಗ ಇಡೀ ಮಧುಗಿರಿ ತಾಲ್ಲೂಕು ಕಾಣುತ್ತದೆ. ಸರಳು ಹಿಡಿದುಕೊಂಡು ನಾನು ಮೂರ್ತಿಯಾಗಿಬಿಟ್ಟೆ. ಆಗ ತಲೆ ಮೇಲೆ ಹುಲ್ಲಿನ ಹೊರೆ ಹೊತ್ತ ಅಜ್ಜಿಯೊಬ್ಬರು ಬರಿಗಾಲಲ್ಲಿ, ಮನೆ ಅಂಗಳದಲ್ಲಿ ಓಡಾಡಿದ ಹಾಗೆ ಇಳಿದು ಬಂದರು.

‘ಯಾಕ್ ಸಾಮಿ ನಿಂತ್ಬುಟ್ರಿ?’

‘ಕಾಲು ಜಾರುತ್ತಮ್ಮ.’

ಅಜ್ಜಿ ರಬ್ಬರ್ ಬ್ಯಾಂಡ್ ಕಟ್ಟಿದ ನನ್ನ ಶೂ ನೋಡಿದರು. ‘ಅದ್ನ ಬಿಚ್ಚಿ ಬಿಸಾಕಿ. ಕುಂತ್ಕಂಡು ಇಳೀರಿ. ಕೂಸುಗಳೆಲ್ಲ ಹಂಗೇ ಇಳಿಯೋದು.’

ಕೂತೆ. ಮಧ್ಯಾಹ್ನದ ಬಂಡೆ ಕಾದ ಕಾವಲಿಯಂತಿತ್ತು. ನುಣ್ಣಗೆ ಅಂತ ಬೆಳಗ್ಗೆಯಿಂದ ನಾನು ನಂಬಿದ್ದ ಆ ಮೈ ತೆಂಗಿನಕಾಯಿ ತುರಿಯುವ ಮಣೆಯಂತಿದೆ ಅನ್ನುವುದು ಇಂಚಿಂಚಾಗಿ ಅರ್ಥವಾಯಿತು. ಮೇಷ್ಟ್ರು ಪಕ್ಕದಲ್ಲಿ ನಡೆದು ಬರುತ್ತ ವಿವರಿಸಿದರು: ಕರಗಿದ ಕಲ್ಲು ನಿಧಾನಕ್ಕೆ ಆರಿದ್ದರಿಂದ ಹರಳುಗಳು ದೊಡ್ಡದಾಗಿ ಬೆಳೆದಿವೆ, ಕಾಗೆಬಂಗಾರ ಬೇಗ ಸವೆಯುತ್ತೆ, ಬೆಣಚು ಸವೆಯದೆ ಎದ್ದು ನಿಲ್ಲುತ್ತೆ, ಅದಕ್ಕೇ ತರಿತರಿ. ಪ್ರತಿಯೊಂದು ಹರಳನ್ನೂ ನಾನು ಖುದ್ದಾಗಿ ಪರೀಕ್ಷಿಸಿದೆ. ಕಡೆಯ ಕೋಟೆಬಾಗಿಲಿಗೆ ಬಂದು ಎದ್ದು ನಿಂತಾಗ ಹಿಂದಿನಿಂದ ತಂಗಾಳಿ ಬೀಸಿತು, ಬೀಸಬಾರದ ಜಾಗಕ್ಕೂ ಬೀಸಿತು. ಬುಡದವರೆಗೂ ನನ್ನಾಕೆ ನನ್ನ ಹಿಂದೆ ಒತ್ತಿಕೊಂಡೇ ನಡೆದಳು. ಎದುರಿಗೆ ಸಿಕ್ಕ ಕಾಲೇಜು ಹುಡುಗಿಯರು ಅದನ್ನು ಪ್ರೀತಿ ಅಂದುಕೊಂಡು ಮುಸಿಮುಸಿ ನಕ್ಕರು.

ಸೋಮವಾರ ಪ್ಯಾಂಟನ್ನು ದರ್ಜಿಯ ಬಳಿಗೆ ಒಯ್ದೆ. ಅವನು ಅದನ್ನು ಬೆಳಕಿಗೆ ಹಿಡಿದು ನೋಡಿದ. ಎರಡು ಕಡೆಯೂ ಕಿಟಕಿ.

‘ಬೈಕಿಂದ ಬಿದ್ರಾ ಸಾರ್?’

‘ಇಲ್ಲಪ್ಪ, ಬೆಟ್ಟ ಹತ್ತಿದ್ದೆ.’

ಅವನು ಮತ್ತೊಮ್ಮೆ ಪ್ಯಾಂಟು ನೋಡಿದ, ಮಂಡಿಯ ಭಾಗ ತಿರುಗಿಸಿ ನೋಡಿದ. ಅಲ್ಲಿ ಒಂದು ಗೀರೂ ಇರಲಿಲ್ಲ.

‘ಯಾವುದರಲ್ಲಿ ಹತ್ತಿದ್ರಿ ಸಾರ್?’