ಮಂಡಕ್ಕಿ ಡಬ್ಬ ಎಲ್ಲಿಡೋದು?

ಬೆಳಗ್ಗೆ ಪೇಪರ್ ಬಿಡಿಸಿದರೆ ಒಳಗಿಂದ ಜಾರಿ ಬೀಳುವ ಆ ನುಣುಪು ಪಾಂಪ್ಲೆಟ್ ನಿಮ್ಮ ಮನೆಗೂ ಬಂದಿರುತ್ತದೆ. ‘ಮಾಡ್ಯುಲರ್ ಕಿಚನ್ ಮಾಡಿಸಿ, ಚಿಮಣಿ ಉಚಿತ!’ ಚಿತ್ರದಲ್ಲಿ ಬಿಳಿ ಕಟ್ಟೆ, ಅದರ ಮೇಲೊಂದು ಗಾಜಿನ ಬಟ್ಟಲು, ಬಟ್ಟಲ ತುಂಬ ಹಸಿರು ಸೇಬು. ಎಣ್ಣೆ ಡಬ್ಬ, ಮಸಿಬಟ್ಟೆ, ನಿನ್ನೆಯ ಸಾರು ಯಾವುದೂ ಇಲ್ಲ. ಇಷ್ಟು ಮಡಿಯನ್ನು ನಮ್ಮಜ್ಜಿಯೂ ಮಾಡಿದವಳಲ್ಲ.

ದಾವಣಗೆರೆಯಲ್ಲಿ ಈಗ ಯಾವ ಬಡಾವಣೆಗೆ ಹೋದರೂ ಯಾರಾದರೊಬ್ಬರು ಕಡಪ ಕಲ್ಲು ಒಡೆಸುತ್ತಿರುತ್ತಾರೆ. ನಾವೂ ಒಡೆಸಿದೆವು. ಮೂವತ್ತು ವರ್ಷ ಗೆದ್ದಲು ಹಿಡಿಯದೆ, ನೀರಿಗೆ ಉಬ್ಬದೆ, ಪಾತ್ರೆ ಹೊತ್ತು ನಿಂತ ತಪ್ಪಿಗೆ ಆ ಕಲ್ಲುಗಳಿಗೆ ಸುತ್ತಿಗೆ ಏಟು. ಅವುಗಳ ಜಾಗಕ್ಕೆ ಪ್ಲೈವುಡ್. “ಐಎಸ್ 710 ಸರ್, ಮರೈನ್ ಪ್ಲೈ, ಎಷ್ಟು ನೀರು ಬಿದ್ದರೂ ಏನೂ ಆಗಲ್ಲ” ಎಂದ ಡಿಸೈನರ್ ಹುಡುಗ. ಐಎಸ್ 710 ಅಂದರೆ ಮರೈನ್ ಪ್ಲೈಗೆ ಇರುವ ಭಾರತೀಯ ಮಾನದಂಡದ ನಂಬರ್. ನಲ್ಲಿ ನೀರು ಯಾವತ್ತು ಬರುತ್ತದೆಂದು ಕ್ಯಾಲೆಂಡರಿಗೆ ಗುರುತು ಹಾಕಿಕೊಂಡು ಬದುಕುವ ನಮಗೆ ಹಡಗಿನ ಹಲಗೆ!

ಹುಡುಗ ಲ್ಯಾಪ್‌ಟಾಪ್ ತೆರೆದು ತ್ರಿಕೋನ ತೋರಿಸಿದ. ಒಲೆ, ಸಿಂಕು, ಫ್ರಿಜ್ಜು ಮೂರು ಮೂಲೆ. ಮೂರೂ ಬದಿ ಕೂಡಿಸಿದರೆ 13 ಅಡಿಗೆ ಕಮ್ಮಿಯಾಗಬಾರದು, 26 ಅಡಿ ಮೀರಬಾರದು. ತ್ರಿಕೋನ ಅವನ ಸ್ವಂತದ್ದಲ್ಲ, 1940ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಕೂತು ಬೆಳೆಸಿದ್ದು. ಒಳ್ಳೆಯ ಲೆಕ್ಕವೇ. ಆದರೆ ಇಲಿನಾಯ್‌ನವರಿಗೆ ನೀರಿನ ಡ್ರಮ್ಮು ಗೊತ್ತಿರಲಿಲ್ಲ. ನೀರು ಬಿಟ್ಟ ದಿನ ನಮ್ಮ ತ್ರಿಕೋನದ ಒಂದು ಮೂಲೆ ಬೀದಿಗೇ ಹೋಗಿರುತ್ತದೆ.

ಅವ್ವ ಅಷ್ಟೂ ಹೊತ್ತು ಸುಮ್ಮನಿದ್ದವಳು ಒಂದೇ ಮಾತು ಕೇಳಿದಳು: “ತಮ್ಮಾ, ಮಂಡಕ್ಕಿ ಡಬ್ಬ ಎಲ್ಲಿಡೋದು?”

“ಏರ್‌ಟೈಟ್ ಜಾರ್‌ಗೆ ಹಾಕ್ಕೊಳ್ಳಿ ಆಂಟಿ.”

“ನಿಂದು ಯಾವೂರಪ್ಪಾ?”

ಹುಡುಗನಿಗೆ ಅರ್ಥವಾಗಲಿಲ್ಲ. ನಮ್ಮೂರಲ್ಲಿ ಮಂಡಕ್ಕಿ ಜಾರ್‌ನ ಲೆಕ್ಕದ್ದಲ್ಲ, ಡಬ್ಬದ ಲೆಕ್ಕದ್ದು. ಅವನನ್ನು ಬೆಣ್ಣೆ ದೋಸೆ ಹೋಟೆಲಿಗೆ ಕರೆದುಕೊಂಡು ಹೋಗಬೇಕಿತ್ತು ಅಂತ ಆಮೇಲೆ ಅನ್ನಿಸಿತು. ಸೌದೆ ಒಲೆಯ ಮುಂದೆ ನಿಂತ ದೋಸೆ ಭಟ್ಟರನ್ನು ನೋಡಿ. ಎಡಕ್ಕೆ ಹಿಟ್ಟಿನ ಪಾತ್ರೆ, ಬಲಕ್ಕೆ ಬೆಣ್ಣೆ, ಬಗ್ಗಿದರೆ ಸೌದೆ, ತಿರುಗಿದರೆ ಆಲೂಗಡ್ಡೆ ಪಲ್ಯ, ಚಟ್ನಿ. ಕಾಲು ಕದಲುವುದಿಲ್ಲ. ಎದುರು ಕೂತವರಲ್ಲಿ ಯಾರಿಗೆ ಖಾಲಿ ದೋಸೆ, ಯಾರಿಗೆ ಓಪನ್ ದೋಸೆ ಎಂಬುದೆಲ್ಲ ತಲೆಯಲ್ಲೇ. ಸಾಫ್ಟ್ ಕ್ಲೋಸ್ ಡ್ರಾಯರ್ ಇಲ್ಲ, ಕ್ಲೋಸ್ ಮಾಡಲು ಡ್ರಾಯರೇ ಇಲ್ಲ. ಅವರ ಇಡೀ ತ್ರಿಕೋನ ಒಂದು ತೋಳಳತೆಯೊಳಗೆ ಮುಗಿದಿದೆ. ಅದನ್ನು ಯಾರೂ ತ್ರಿಡಿಯಲ್ಲಿ ಬರೆದು ತೋರಿಸಿದ್ದಲ್ಲ. ಅಲ್ಲಿ ನಿಂತವರು ದಿನಾ ಒಂದೊಂದು ಗೇಣು ಅತ್ತಿತ್ತ ಸರಿಸುತ್ತ ಮಾಡಿಕೊಂಡದ್ದು.

ಅಳತೆ ಮಾಡಬಾರದೆಂದಲ್ಲ. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಸಾಲುಮನೆಗಳಿಗಾಗಿ ಮಾರ್ಗರೆಟೆ ಶುಟ್ಟೆ-ಲಿಹೋಟ್‌ಸ್ಕಿ ಎಂಬಾಕೆ ಒಂದು ಅಡುಗೆಮನೆ ರೂಪಿಸಿದಳು. ಅಗಲ ಆರು ಅಡಿ ಚಿಲ್ಲರೆ, ಉದ್ದ ಹನ್ನೊಂದು ಅಡಿ ಚಿಲ್ಲರೆ. ಈಗಿನ ಮಾಡ್ಯುಲರ್ ಕಿಚನ್ನುಗಳಿಗೆಲ್ಲ ಅದೇ ಅಜ್ಜಿ. ರೈಲಿನ ಊಟದ ಬೋಗಿಯ ಅಡುಗೆಕೋಣೆ ನೋಡಿ ಕಲಿತಳು. ಯಾವ ಕೆಲಸಕ್ಕೆ ಎಷ್ಟು ಹೆಜ್ಜೆ, ಎಷ್ಟು ಹೊತ್ತು ಎಂದು ಅಳೆದಳು. ನೊಣ ಕೂರದಿರಲೆಂದು ನೀಲಿ ಬಣ್ಣ ಬಳಿಸಿದಳು. ಅದಕ್ಕೂ ಮೊದಲು ತಾನು ಅಡುಗೆ ಮಾಡಿದವಳೇ ಅಲ್ಲ ಎಂದು ಕೊನೆಗೆ ತಾನೇ ಒಪ್ಪಿಕೊಂಡಳು. ನಮ್ಮ ಹುಡುಗನೂ ಮಾಡಿದವನಲ್ಲ. ಆದರೆ ಆಕೆ ಅಡುಗೆ ಮಾಡುವವರನ್ನು ಅಳೆದಳು, ಇವನು ಗೋಡೆ ಅಳೆದ. ಅವನ ಲೇಸರ್ ಚುಕ್ಕೆ ಗೋಡೆಯಿಂದ ಗೋಡೆಗೆ ಓಡಾಡಿತು. ಒಂದು ಸಲವೂ ಅವ್ವನ ಮೊಣಕೈ ಮೇಲೆ ಬೀಳಲಿಲ್ಲ.

ಕಟ್ಟೆ 36 ಇಂಚು ಎತ್ತರ ಬಂತು. ಯಾಕಪ್ಪಾ ಅಂದರೆ “ಸ್ಟ್ಯಾಂಡರ್ಡ್ ಸರ್.” ಕೆಲಸ ಮಾಡುವವರ ಮೊಣಕೈಗಿಂತ ನಾಲ್ಕಾರು ಇಂಚು ಕೆಳಗಿರಬೇಕು ಅನ್ನೋದು ಅವನ ಕಸುಬಿನದೇ ನಿಯಮ. ಅವ್ವ ಐದಡಿಯೂ ಇಲ್ಲ. ಅವಳ ಮೊಣಕೈ ಇರುವುದೇ ಕಟ್ಟೆಯ ಅಂಚಿನ ಮಟ್ಟದಲ್ಲಿ. ಅಲ್ಲಿ ರೊಟ್ಟಿ ತಟ್ಟಬೇಕಾದರೆ ಹೆಗಲು ಕಿವಿಗೆ ಬರುತ್ತದೆ. ಹೇಳಿದರೆ, “ರೊಟ್ಟಿ ಈಗ ಯಾರು ಮಾಡ್ತಾರೆ ಸರ್, ಖಾನಾವಳಿಯಿಂದ ತರಿಸಿಬಿಡಿ.”

ಇಲ್ಲಿಗೆ ನನಗೆ ನಗು ನಿಂತಿತು. ನಲವತ್ತು ವರ್ಷ ಆ ಒಲೆಯ ಮುಂದೆ ನಿಂತವಳು ಮನೆಯಲ್ಲೇ ಇದ್ದಳು, ಮಾತು ಬರುತ್ತಿತ್ತು, ಕೇಳಿದ್ದರೆ ಹೇಳುತ್ತಿದ್ದಳು. ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಸೋಫಾದಲ್ಲಿ ಕೂತು ಮೂರು ಭಾನುವಾರ ಲ್ಯಾಮಿನೇಟಿನ ಬಣ್ಣ ಆರಿಸಿದೆ. ಮನೆಯಾಕೆ ಎರಡು ಸಲ “ಮಿಕ್ಸಿ ಪಾಯಿಂಟ್ ಒಲೆಯಿಂದ ದೂರ ಆತು” ಅಂದಳು, “ಆಮೇಲೆ ನೋಡಾಣ” ಅಂದೆ. ಇನ್ನೂ ನೋಡಿಲ್ಲ.

ಈಗ ಮನೆಗೆ ಯಾರು ಬಂದರೂ ನೀರು ಕೊಡುವ ಮೊದಲು “ಬರ್ರಿ, ಕಿಚನ್ ನೋಡ್ರಿ.” ಬಂದವರು ಒಂದೊಂದು ಡ್ರಾಯರನ್ನೂ ಬೆರಳಲ್ಲಿ ತಳ್ಳಿ, ಅದು ತಾನೇ ಸದ್ದಿಲ್ಲದೆ ಮುಚ್ಚಿಕೊಳ್ಳುವವರೆಗೆ ಉಸಿರು ಹಿಡಿದು ನಿಲ್ಲುತ್ತಾರೆ. ಓಪನ್ ಕಿಚನ್ ಆದ್ದರಿಂದ ಒಣಮೆಣಸಿನಕಾಯಿ ಒಗ್ಗರಣೆ ಬಿದ್ದರೆ ಹಾಲ್‌ನಲ್ಲಿದ್ದವರೆಲ್ಲ ಒಟ್ಟಿಗೆ ಕೆಮ್ಮುತ್ತಾರೆ. ಉಚಿತ ಚಿಮಣಿ ಹಾಕಿದರೆ ಧಾರಾವಾಹಿ ಕೇಳುವುದಿಲ್ಲ. ಹಾಗಾಗಿ ಒಗ್ಗರಣೆ ಹಿತ್ತಲ ಕಡೆಗೆ ಹೋಯಿತು. ಒಗ್ಗರಣೆಯ ಹಿಂದೆ ರೊಟ್ಟಿ, ರೊಟ್ಟಿಯ ಹಿಂದೆ ಅನ್ನ, ಸಾರು. ಪಾತ್ರೆ ತೊಳೆಯುವ ಜಾಗದ ಪಕ್ಕ ಇಟ್ಟಿಗೆ ಪೇರಿಸಿ, ಒಡೆಯದೆ ಉಳಿದಿದ್ದ ಒಂದು ಕಡಪ ಹಲಗೆ ಹಾಸಿ, ಹಳೇ ಒಲೆ ಇಟ್ಟುಕೊಂಡಿದ್ದಾಳೆ ಅವ್ವ. ಎತ್ತರ ಎಷ್ಟಿರಬೇಕೆಂದು ಗಾರೆಯವನಿಗೆ ಕೈ ಮಡಚಿ ತೋರಿಸಿದಳಂತೆ. ಲಕ್ಷಾಂತರ ಸುರಿದ ಕಿಚನ್ನಿನಲ್ಲಿ ಈಗ ಹಾಲು ಮಾತ್ರ ಕಾಯುತ್ತದೆ, ಅದೂ ಉಕ್ಕದಂತೆ ಒಬ್ಬರು ಕಾವಲಿದ್ದು.

ಮಂಡಕ್ಕಿ ಡಬ್ಬ ನನ್ನ ಮಂಚದ ಕೆಳಗಿದೆ. ನಿನ್ನೆ ಸಂಜೆ ಹರಿಹರದಿಂದ ಭಾವ ಬಂದಿದ್ದರು. ಕಿಚನ್ ನೋಡಿ ಮುಗಿಸಿದರು, ಡ್ರಾಯರ್ ತಳ್ಳಿ ಮುಗಿಸಿದರು. ನಾನು ಮಂಚದ ಕೆಳಗೆ ತೂರಿ ಡಬ್ಬ ಎಳೆದೆ, ಅವ್ವ ಹಿಂದುಗಡೆ ಖಾರ, ಎಣ್ಣೆ, ಈರುಳ್ಳಿ ಹಾಕಿ ಕಲೆಸಿ ತಂದಳು. ಹಾಸಲು ಪೇಪರ್ ಹುಡುಕಿದರೆ ಸಿಕ್ಕಿದ್ದು ಆ ಪಾಂಪ್ಲೆಟ್ಟೇ. ನುಣುಪು ಕಾಗದ, ಎಣ್ಣೆ ಒಂದು ಹನಿಯೂ ಕೆಳಗಿಳಿಯಲಿಲ್ಲ.